ಹನ್ನೆರಡು ಇಪ್ಪತ್ತೊಂದಾದಾಗ

ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದವನಿಗೂ ಕಾರಿನ ಇಂಜಿನ್ನಿಗೂ ಎಲ್ಲಿಯ ನಂಟು ಎಂದು ನೀವು ಕೇಳಬಹುದು. ಕಳೆದ ದೀಪಾವಳಿಯವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ. ನಾನು ಓದಿದ್ದು ಬಿ.ಕಾಂ. ನನಗೆ ಗೊತ್ತಿರುವುದು ಕೂಡು, ಕಳೆ, ಬಡ್ಡಿ, ಬಾಕಿ. ಆ ಹಳೆಯ ಕೂಡು-ಕಳೆಯೇ ಒಂದು ದಿನ ನಮ್ಮ ಮನೆಯ ಕಾರಿನ ಇಂಜಿನ್ನನ್ನು ಉಳಿಸಿತು. ಆ ಕತೆಯನ್ನು ಮಕ್ಕಳೂ ಅಜ್ಜ-ಅಜ್ಜಿಯರೂ ಒಟ್ಟಿಗೆ ಕೂತು ಓದಲಿ ಎಂದು ಬರೆಯುತ್ತಿದ್ದೇನೆ.

ಹಬ್ಬಕ್ಕೆ ಮೊಮ್ಮಗ ಬೆಂಗಳೂರಿನಿಂದ ಮೂಡಿಗೆರೆಗೆ ಬಂದಿದ್ದ. ಇಂಜಿನಿಯರಿಂಗ್ ಕೊನೆಯ ವರ್ಷ. ಅವನಪ್ಪ ಕೊಡಿಸಿದ ಸೆಕೆಂಡ್ ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ಅವನದು. ಹಬ್ಬದ ಮರುದಿನ ಅವನು, ನಾನು, ನನ್ನ ಹೆಂಡತಿ, ಏಳನೇ ಕ್ಲಾಸಿನ ಮೊಮ್ಮಗಳು ನಾಲ್ವರೂ ಕಳಸೇಶ್ವರನ ದರ್ಶನಕ್ಕೆಂದು ಹೊರಟೆವು. ಡಿಕ್ಕಿಯಲ್ಲಿ ಕಳಸದ ನೆಂಟರಿಗೆಂದು ಒಂದು ಮೂಟೆ ಅಕ್ಕಿ, ಒಂದು ಬಾಳೆಗೊನೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಾಳೂರಿನ ದಾರಿ ಹಿಡಿದೆವು.

ಒಂದು ಏರಿನಲ್ಲಿ ಮೊಮ್ಮಗಳು ಹಿಂದಿನ ಸೀಟಿನಿಂದ, "ಅಣ್ಣಾ, ಡಿಕ್ಕಿಯಲ್ಲಿ ಏನೋ ಡಬ್ಬ ಅಲ್ಲಾಡ್ತಿದೆ" ಅಂದಳು.

"ಡಿಕ್ಕಿಯಲ್ಲಿ ಡಬ್ಬ ಎಲ್ಲಿದೆ? ಹಾಡಿನ ಸದ್ದು ಕಡಿಮೆ ಮಾಡೋ" ಅಂದೆ.

ಹಾಡು ನಿಂತಿತು. ಆಗ ಕೇಳಿಸಿತು: ತಗಡಿನ ಡಬ್ಬದಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಕಟಕಟ. ನನ್ನ ಎದೆ ಧಸಕ್ಕೆಂದಿತು. ಆ ಸದ್ದು ನನಗೆ ಗೊತ್ತು. ಬ್ಯಾಂಕಿನ ಕೆಲಸಕ್ಕೆ ಎಸ್ಟೇಟ್ ಜೀಪುಗಳಲ್ಲಿ, ಅಂಬಾಸಡರ್ ಕಾರುಗಳಲ್ಲಿ ಘಾಟಿ ಹತ್ತಿದ ಕಾಲದ ಸದ್ದು ಅದು. ಹಳೆಯ ಡ್ರೈವರುಗಳು ಕೇಳಿದೊಡನೆ ಕಾಲು ಸಡಿಲಿಸಿ, ಗೇರ್ ಇಳಿಸಿ, "ನಾಕಿಂಗ್ ಬರ್ತಿದೆ ಸಾರ್, ಹೀಗೇ ಓಡಿಸಿದರೆ ಪಿಸ್ಟನ್ ಉಳಿಯಲ್ಲ" ಅನ್ನುತ್ತಿದ್ದರು.

"ಕಾಲು ತೆಗಿ. ಗೇರ್ ಇಳಿಸು. ಪಕ್ಕಕ್ಕೆ ನಿಲ್ಲಿಸು" ಅಂದೆ. ನಿಲ್ಲಿಸಿದ. "ಏನು ಮಾಡಿದ್ದೀಯ ಇದಕ್ಕೆ?"

ಅವನು ತಲೆ ಕೆರೆದುಕೊಂಡ. "ಮ್ಯಾಪ್ ಬದಲಾಯಿಸಿದೀನಿ ಅಜ್ಜ."

"ಕಳಸಕ್ಕೆ ಮ್ಯಾಪ್ ಯಾಕೋ?" ನನ್ನ ಹೆಂಡತಿ ಕೇಳಿದಳು. "ಅಜ್ಜನ್ನ ಕೇಳಿದ್ರೆ ದಾರಿ ಹೇಳ್ತಿರ್ಲಿಲ್ವ?"

ನಗು ಬಂದರೂ ನಗಲಿಲ್ಲ. ಹುಷಾರಾಗಿ, ಇಂಜಿನ್ನಿಗೆ ಭಾರ ಬೀಳದ ಹಾಗೆ, ಮೂಡಿಗೆರೆಗೆ ವಾಪಸಾದೆವು. ಅಕ್ಕಿಮೂಟೆ ಡಿಕ್ಕಿಯಲ್ಲೇ ಉಳಿಯಿತು.

ಎಲ್ಲ ಶುರುವಾದದ್ದು ಒಂದು ರ್‍ಯಾಲಿಯಿಂದ

ಈ ಹುಚ್ಚು ಅವನಿಗೆ ಹತ್ತಿದ್ದು ನನ್ನ ಕೈಹಿಡಿದುಕೊಂಡೇ. 2017ರ ನವೆಂಬರ್‌ನಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ನಮ್ಮ ಚಿಕ್ಕಮಗಳೂರಿನಲ್ಲಿ ನಡೆಯಿತು. ಕಾಫಿ ತೋಟಗಳ ಒಳಗಿನ ಮಣ್ಣು ರಸ್ತೆಗಳೇ ಓಟದ ಹಾದಿ. ಗೌರವ್ ಗಿಲ್ ಅವರು ಸ್ಕೋಡಾ ಫ್ಯಾಬಿಯಾ ಆರ್5 ಕಾರಿನಲ್ಲಿ ಇಲ್ಲಿ ಗೆದ್ದು, ಆ ಚಾಂಪಿಯನ್‌ಷಿಪ್ಪನ್ನು ಮೂರನೇ ಸಲ ತಮ್ಮದಾಗಿಸಿಕೊಂಡರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿಯೂ ಬಂತು. ಮೋಟಾರು ಕ್ರೀಡೆಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಆಗ ಮೊಮ್ಮಗನಿಗೆ 13 ವರ್ಷ. ತೋಟದ ಬೇಲಿಯಾಚೆ ನಾವಿಬ್ಬರೂ ನಿಂತಿದ್ದೆವು. ಕಾರು ಕಾಣುವ ಮೊದಲೇ ಸದ್ದು ಬಂತು. ತಿರುವಿಗೆ ಬರುವಾಗ ಡ್ರೈವರ್ ಕಾಲು ಸಡಿಲಿಸಿದ ಕೂಡಲೇ ಸೈಲೆನ್ಸರಿನಿಂದ ಢಬ್ ಢಬ್ ಢಬ್ ಎಂದು ಈಡು ಹೊಡೆದ ಹಾಗೆ. ಮರದ ಮೇಲಿದ್ದ ಮಂಗಗಳೆಲ್ಲ ಓಡಿದವು.

"ಅಜ್ಜ, ಕಾಲು ತೆಗೆದ ಮೇಲೆ ಯಾಕೆ ಪಟಾಕಿ ಹೊಡೆಯುತ್ತೆ?" ಎಂದು ಕೇಳಿದ್ದ. ನನಗೆ ಗೊತ್ತಿರಲಿಲ್ಲ. ಆ ಪ್ರಶ್ನೆಯ ಬಾಲ ಹಿಡಿದೇ ಅವನು ಇಂಜಿನಿಯರಿಂಗ್ ಸೇರಿದ್ದು. ಆ ಉತ್ತರ ನನಗೆ ಸಿಕ್ಕಿದ್ದು ಈ ದೀಪಾವಳಿಯಲ್ಲಿ, ಊಟದ ಮೇಜಿನ ಮೇಲೆ.

ಅಜ್ಜಿಯ ಊದುಗೊಳವೆ

ಮನೆಗೆ ಬಂದವನೇ, "ಈಗ ಬಿಡಿಸಿ ಹೇಳು. ನನಗೂ ತಂಗಿಗೂ ಇಬ್ಬರಿಗೂ ಅರ್ಥವಾಗಬೇಕು" ಅಂದೆ. ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಇಂಜಿನ್ನಿನ ಒಳಗೆ ಪೆಟ್ರೋಲು ಸುಮ್ಮನೆ ಉರಿಯುವುದಿಲ್ಲ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿಗೆ ತೂಕವೆಲ್ಲಿ ಎನ್ನಬೇಡಿ. ಸಮುದ್ರದ ದಂಡೆಯಲ್ಲಿ 2 ಮೀಟರ್ ಉದ್ದ, 2 ಮೀಟರ್ ಅಗಲ, 3 ಮೀಟರ್ ಎತ್ತರದ ಒಂದು ಪುಟ್ಟ ಕೋಣೆ ಕಟ್ಟಿದರೆ ಅದರೊಳಗಿನ ಗಾಳಿ ಹೆಚ್ಚುಕಡಿಮೆ ಅಷ್ಟು ತೂಗುತ್ತದೆ.

ನಮ್ಮ ಬೆಟ್ಟಗಳ ಮೇಲೆ ಗಾಳಿ ತೆಳು. ಸಾವಿರ ಮೀಟರ್ ಎತ್ತರಕ್ಕೆ ಬಂದರೆ ಗಾಳಿಯ ಒತ್ತಡ ಸಮುದ್ರದ ದಂಡೆಗಿಂತ ಹತ್ತರಲ್ಲೊಂದು ಪಾಲು ಕಡಿಮೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಐದರಲ್ಲೊಂದು ಪಾಲು ಕಡಿಮೆ. ಹಿಂದೆ ಮಂಗಳೂರಿನ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬಂದ ಕಾರುಗಳು ಮೇಲೆ ಬರುವಷ್ಟರಲ್ಲಿ ಸುಸ್ತಾಗಿ ಕಪ್ಪು ಹೊಗೆ ಬಿಡುತ್ತಿದ್ದುದನ್ನು ಹಿರಿಯರು ನೋಡಿರುತ್ತೀರಿ. ಕಾರ್ಬುರೇಟರಿಗೆ ಗಾಳಿ ತೆಳುವಾದದ್ದು ಸರಿಯಾಗಿ ತಿಳಿಯುತ್ತಿರಲಿಲ್ಲ. ಅದು ಕೆಳಗಿನ ಲೆಕ್ಕದಲ್ಲೇ ಪೆಟ್ರೋಲು ಕೊಡುತ್ತಿತ್ತು. ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು; ಉಳಿದದ್ದು ಮಸಿ.

ಟರ್ಬೊ ಅಂದರೆ ನಮ್ಮ ಅಜ್ಜಿಯರು ಒಲೆ ಊದುತ್ತಿದ್ದ ಊದುಗೊಳವೆ. ವ್ಯತ್ಯಾಸವಿಷ್ಟೇ: ಇಲ್ಲಿ ಊದುವುದು ಒಲೆಯ ಹೊಗೆಯೇ. ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿನೊಳಗೆ ತುಂಬುತ್ತದೆ. ಆ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯುಖಿ ಎಂಬ ಇಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ.

ಆದರೆ ಊದಿದಷ್ಟಕ್ಕೆ ತಕ್ಕಂತೆ ಸೌದೆಯನ್ನೂ ಒಟ್ಟಬೇಕಲ್ಲ? ಗಾಳಿ ಹೆಚ್ಚಾದಂತೆ ಪೆಟ್ರೋಲು ಎಷ್ಟು ಎಂಬುದು ಮೊದಲನೇ ಲೆಕ್ಕ. ಏರಿನಲ್ಲಿ ಇಂಜಿನ್ ಪೂರ್ತಿ ದುಡಿಯುವಾಗ ಬೇಕಾದದ್ದಕ್ಕಿಂತ ತುಸು ಹೆಚ್ಚೇ ಪೆಟ್ರೋಲು ಕೊಡುತ್ತಾರೆ. ಹೆಚ್ಚಾದದ್ದು ಆವಿಯಾಗಿ ಒಳಗನ್ನು ತಂಪು ಮಾಡುತ್ತದೆ.

ಜೋಕಾಲಿಯ ಲೆಕ್ಕ

ಎರಡನೇ ಲೆಕ್ಕ ಕಿಡಿಯದು. ತಂಗಿಯನ್ನು ಜೋಕಾಲಿಯಲ್ಲಿ ಕೂರಿಸಿ ತೂಗಿದ್ದೀರಲ್ಲ? ಜೋಕಾಲಿ ನಿಮ್ಮ ಕಡೆ ಬಂದು, ನಿಂತು, ತಿರುಗುವ ಗಳಿಗೆಯಲ್ಲಿ ತಳ್ಳಿದರೆ ಒಂದು ಬೆರಳಿನ ಬಲ ಸಾಕು. ಇನ್ನೂ ರಭಸದಿಂದ ಬರುತ್ತಿರುವಾಗ ತಳ್ಳಿದರೆ ನಿಮ್ಮ ಮಣಿಕಟ್ಟು ಉಳುಕುತ್ತದೆ. ಪಿಸ್ಟನ್ನೂ ಹಾಗೆಯೇ ಮೇಲೆ ಬರುತ್ತದೆ, ತಿರುಗುತ್ತದೆ, ಕೆಳಗಿಳಿಯುತ್ತದೆ. ತಿರುಗಿದ ಕೂಡಲೇ ಬೆಂಕಿಯ ಬಲ ಅದನ್ನು ತಳ್ಳಬೇಕು.

ಕಿಡಿ ಹೊತ್ತಿದ ಕ್ಷಣಕ್ಕೇ ಬೆಂಕಿ ಹರಡುವುದಿಲ್ಲ, ಅದಕ್ಕೂ ಹೊತ್ತು ಬೇಕು. ಆದ್ದರಿಂದ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಕೊಡಬೇಕು. ಎಷ್ಟು ಮೊದಲು ಎಂಬುದನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. ಇದಕ್ಕೆ ಅಡ್ವಾನ್ಸ್ ಎಂದು ಹೆಸರು. ನನಗೆ ನಗು ಬಂತು. ಬ್ಯಾಂಕಿನಲ್ಲಿ ಅಡ್ವಾನ್ಸ್ ಅಂದರೆ ಸಾಲ. ಅಲ್ಲಾಗಲಿ ಇಲ್ಲಾಗಲಿ, ಅಳತೆ ಮೀರಿದರೆ ಮನೆ ಹಾಳು.

ಕಿಡಿ ತೀರ ಮುಂಚೆ ಬಂದರೆ ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಒಳಗೆ ಒತ್ತಡ ಏರುತ್ತದೆ. ಮೂಲೆಯಲ್ಲಿ ಇನ್ನೂ ಉರಿಯದೆ ಉಳಿದ ಗಾಳಿ-ಪೆಟ್ರೋಲು ಆ ಒತ್ತಡಕ್ಕೆ, ಬಿಸಿಗೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಸುತ್ತಿಗೆಯಲ್ಲಿ ಹೊಡೆದ ಹಾಗೆ. ನಾವು ಏರಿನಲ್ಲಿ ಕೇಳಿದ ಕಟಕಟ ಅದೇ. ಟರ್ಬೊ ಇರುವ ಕಾರಿನಲ್ಲಿ ಗಾಳಿ ಮೊದಲೇ ಒತ್ತಿ ಬಿಸಿಯಾಗಿರುವುದರಿಂದ ಈ ಅಪಾಯ ಇನ್ನೂ ಹೆಚ್ಚು.

ರೆಡಿ ರೆಕನರ್ ಇದು!

"ಮ್ಯಾಪ್ ಅಂದ್ರೆ ಇದು ಅಜ್ಜ" ಎಂದು ಮೊಮ್ಮಗ ಲ್ಯಾಪ್‌ಟಾಪ್ ತೆರೆದ. ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ಮನೆಗಳ ಕೋಷ್ಟಕ. ಅಡ್ಡಸಾಲಿನಲ್ಲಿ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ. ಉದ್ದಸಾಲಿನಲ್ಲಿ ಒಳಬರುವ ಗಾಳಿಯ ಒತ್ತಡ ಎಷ್ಟು. ಎರಡೂ ಸಂಧಿಸುವ ಮನೆಯಲ್ಲಿ ಒಂದು ಅಂಕಿ. ಪೆಟ್ರೋಲಿಗೊಂದು ಕೋಷ್ಟಕ, ಕಿಡಿಗೊಂದು ಕೋಷ್ಟಕ. ಇಂಜಿನ್ನಿನ ಕಂಪ್ಯೂಟರು ಪ್ರತಿ ಕಿಡಿಗೂ ಮುನ್ನ ಈ ಪಟ್ಟಿ ನೋಡಿ ಅಂಕಿ ಎತ್ತಿಕೊಳ್ಳುತ್ತದೆ.

ನನಗೆ ಕಣ್ಣೀರು ಬರುವುದೊಂದು ಬಾಕಿ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ನಮ್ಮ ಮೇಜಿನ ಮೇಲೆ ರೆಡಿ ರೆಕನರ್ ಎಂಬ ಬಡ್ಡಿ ಲೆಕ್ಕದ ಪುಸ್ತಕ ಇರುತ್ತಿತ್ತು. ಅಡ್ಡಕ್ಕೆ ದರ, ಉದ್ದಕ್ಕೆ ದಿನ, ಕೂಡುವಲ್ಲಿ ಬಡ್ಡಿ. ಇದೂ ಅದೇ! ಪುಸ್ತಕದಲ್ಲಿ ಇಲ್ಲದ ದಿನಕ್ಕೆ ನಾವು ಅಕ್ಕಪಕ್ಕದ ಎರಡು ಅಂಕಿಗಳ ನಡುವೆ ಲೆಕ್ಕ ಹಾಕುತ್ತಿದ್ದೆವು. ಕಂಪ್ಯೂಟರೂ ಹಾಗೆಯೇ. 2500 ಸುತ್ತಿಗೂ 3000 ಸುತ್ತಿಗೂ ಅಂಕಿ ಕೊಟ್ಟಿದ್ದರೆ 2750ಕ್ಕೆ ನಡುವಿನದನ್ನು ತಾನೇ ಹಿಡಿಯುತ್ತದೆ. ಅಂದರೆ ಒಂದು ಮನೆಯಲ್ಲಿ ತಪ್ಪಾದರೆ ಸುತ್ತಲಿನ ಜಾಗವೆಲ್ಲ ಕೆಟ್ಟಿತು.

ಕಾರಿನ ಶಕ್ತಿ ಹೆಚ್ಚಿಸಬೇಕೆಂದು ಹುಡುಗ ಗೆಳೆಯನೊಬ್ಬನ ಕೋಷ್ಟಕವನ್ನು ಕಾಗದದ ಮೇಲೆ ಬರೆದುಕೊಂಡು, ರಾತ್ರಿ ಎರಡು ಗಂಟೆಯವರೆಗೆ ಕೂತು, ಒಂದೊಂದೇ ಅಂಕಿಯನ್ನು ತನ್ನ ಕಾರಿಗೆ ಟೈಪು ಮಾಡಿದ್ದ. ಒಬ್ಬನೇ.

"ಯಾರು ತಾಳೆ ನೋಡಿದ್ದು?"

"ಯಾರೂ ಇಲ್ಲ ಅಜ್ಜ."

ಒಂಬತ್ತರ ಗುಟ್ಟು

ಇಲ್ಲಿ ನನ್ನದೊಂದು ಹಳೆಯ ತಪ್ಪನ್ನು ಹೇಳಬೇಕು. 1983ರ ಮಳೆಗಾಲ. ಆಗ ನಾನು ಕಳಸದ ಶಾಖೆಯಲ್ಲಿದ್ದೆ. ಸಂಜೆ ಲೆಕ್ಕ ಟ್ಯಾಲಿ ಆಗಲಿಲ್ಲ. 900 ರೂಪಾಯಿ ವ್ಯತ್ಯಾಸ. ಕರೆಂಟಿಲ್ಲ, ಹೊರಗೆ ಜಡಿಮಳೆ, ಕೊನೆಯ ಬಸ್ಸು ಹೋಗಿಯಾಯಿತು. ಹಿರಿಯ ಗುಮಾಸ್ತರೊಬ್ಬರು ಲಾಟೀನು ತಂದಿಟ್ಟು, "900 ಒಂಬತ್ತರಿಂದ ಭಾಗವಾಗುತ್ತೆ. ಯಾರೋ ಅಂಕಿ ತಿರುಗಿಸಿ ಬರೆದಿದ್ದಾರೆ, ಅದನ್ನು ಹುಡುಕು" ಅಂದರು. ಹುಡುಕಿದರೆ ಬರೆದವನು ನಾನೇ. ಸಣ್ಣ ಬೆಳೆಗಾರರೊಬ್ಬರು ಕಟ್ಟಿದ 8700 ರೂಪಾಯಿಯನ್ನು ಲೆಡ್ಜರಿನಲ್ಲಿ 7800 ಎಂದು ಬರೆದಿದ್ದೆ. ಅದೇ ದಿನ ಗೊಬ್ಬರದಂಗಡಿಗೆ ಅವರು ಕೊಟ್ಟಿದ್ದ ಚೆಕ್ಕು ಖಾತೆಯಲ್ಲಿ ಹಣ ಸಾಲದೆಂದು ವಾಪಸಾಗಿತ್ತು. ಮರುದಿನ ಅವರ ತೋಟಕ್ಕೆ ನಡೆದುಹೋಗಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಕಾಫಿ ಕೊಟ್ಟು, "ಅಂಕಿ ನಿಮಗೆ ಅಂಕಿ ಮಾತ್ರ ಸ್ವಾಮಿ, ನಮಗೆ ಅದು ಮಾನ" ಅಂದರು. ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದೆ.

ಮಕ್ಕಳೇ, ಯಾವುದೇ ಎರಡಂಕಿಯ ಸಂಖ್ಯೆ ಬರೆಯಿರಿ. ತಿರುಗಿಸಿ ಬರೆಯಿರಿ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 52 ಮತ್ತು 25, ಉಳಿಯುವುದು 27. 81 ಮತ್ತು 18, ಉಳಿಯುವುದು 63. ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. ಜಗತ್ತಿನ ಲೆಕ್ಕಿಗರೆಲ್ಲ ನಂಬಿರುವ ಗುಟ್ಟು ಇದು.

ಕನ್ನಡಕ ಒರೆಸಿಕೊಂಡು ಕೋಷ್ಟಕದ ಮೇಲೆ ಬೆರಳಾಡಿಸುತ್ತ ಹೋದೆ. ಲೆಡ್ಜರ್ ನೋಡಿ ಪಳಗಿದ ಕಣ್ಣಿಗೆ ಅಂಕಿಗಳ ಅರ್ಥ ಬೇಡ, ನಡಿಗೆ ಸಾಕು. ಗಾಳಿಯ ಒತ್ತಡ ಹೆಚ್ಚಿರುವ ಒಂದು ಸಾಲಿನಲ್ಲಿ ಕಿಡಿಯ ಡಿಗ್ರಿ ಹೀಗಿತ್ತು: 2000 ಸುತ್ತಿಗೆ 10, 2500ಕ್ಕೆ 21, 3000ಕ್ಕೆ 14, 3500ಕ್ಕೆ 16.

"ಇದೇನೋ? ಹತ್ತರಿಂದ ಇಪ್ಪತ್ತೊಂದಕ್ಕೆ ಹಾರಿ ಮತ್ತೆ ಹದಿನಾಲ್ಕಕ್ಕೆ ಇಳೀತಲ್ಲ?"

ಅವನು ಕಾಗದ ತೆಗೆದು ನೋಡಿದ. ಅಲ್ಲಿ 12 ಎಂದಿತ್ತು. ಟೈಪು ಮಾಡಿದ್ದು 21. ವ್ಯತ್ಯಾಸ ಒಂಬತ್ತು.

ಹುಡುಗನ ಮುಖ ಬಿಳುಚಿತು. ನಾಲ್ಕು ಜನ, ಅಕ್ಕಿಮೂಟೆ, ಏರು, ಮೇಲಿನ ಗೇರು. ಇಂಜಿನ್ ಸರಿಯಾಗಿ ಅದೇ ಮನೆಗೆ ಬಂದು ಕೂತಿತ್ತು. ಒಬ್ಬನೇ ಬೆಂಗಳೂರಿನ ಸಪಾಟು ರಸ್ತೆಯಲ್ಲಿ ಓಡಿಸುವಾಗ ಆ ಮನೆಗೆ ಹೆಚ್ಚು ಹೋಗಿರಲೇ ಇಲ್ಲ.

ಮೊಮ್ಮಗಳು ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಳು. ನಿಮಿಷಕ್ಕೆ 2500 ಸುತ್ತು, ಸುತ್ತಿಗೆ 360 ಡಿಗ್ರಿ. ಒಂದು ಸೆಕೆಂಡಿಗೆ 15,000 ಡಿಗ್ರಿ. ಒಂಬತ್ತು ಡಿಗ್ರಿ ಅಂದರೆ ಒಂದು ಸೆಕೆಂಡನ್ನು 10,000 ಪಾಲು ಮಾಡಿದರೆ ಅದರಲ್ಲಿ ಆರು ಪಾಲು. "ಅಷ್ಟೇ ಅಷ್ಟು ಬೇಗ ಆಗಿದ್ದಕ್ಕೆ ಇಷ್ಟೆಲ್ಲನಾ ಅಜ್ಜ?" ಅಂದಳು. ಅಷ್ಟಕ್ಕೇ ಇಷ್ಟೆಲ್ಲ.

"ಇದನ್ನು ಹಿಡಿಯಲು ಕಾರಿನಲ್ಲಿ ಏನೂ ಇಲ್ಲವೇ?" ಎಂದು ಕೇಳಿದೆ. ಇದೆಯಂತೆ. ನಾಕ್ ಸೆನ್ಸರ್ ಎಂಬ ಒಂದು ಕಿವಿ ಇಂಜಿನ್ನಿನ ಮೈಗೆ ಅಂಟಿಕೊಂಡಿರುತ್ತದೆ. ಕಟಕಟ ಕೇಳಿದ ಕೂಡಲೇ ಕಂಪ್ಯೂಟರು ಕಿಡಿಯನ್ನು ನಾಲ್ಕಾರು ಡಿಗ್ರಿ ಹಿಂದಕ್ಕೆ ಎಳೆಯುತ್ತದೆ. ನಮ್ಮಲ್ಲಿ ಗುಮಾಸ್ತ ಬರೆದದ್ದನ್ನು ಆಫೀಸರು ನೋಡಿ ಸಹಿ ಹಾಕುವ ಹಾಗೆ. ಆದರೆ ಸಣ್ಣಪುಟ್ಟದ್ದನ್ನು ತಿದ್ದಬಲ್ಲ ಆಫೀಸರು ಲೆಡ್ಜರನ್ನೇ ಹೊಸದಾಗಿ ಬರೆಯಲಾರ. ಒಂಬತ್ತು ಡಿಗ್ರಿಯ ತಪ್ಪು ಆ ಕಿವಿಯ ಕೈ ಮೀರಿತ್ತು.

ಪ್ಲಗ್ಗಿನ ಮೇಲಿನ ಚುಕ್ಕೆಗಳು

ಮರುದಿನ ಪರಿಚಯದ ಮೆಕ್ಯಾನಿಕ್ ಮನೆಗೇ ಬಂದು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದರು. ಮೂರು ಚೆನ್ನಾಗಿದ್ದವು. ನಾಲ್ಕನೆಯದರ ಬಿಳಿಯ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಹೊಳೆಯುವ ಚುಕ್ಕೆಗಳು. ಭೂತಗನ್ನಡಿ ಹಿಡಿದು ತೋರಿಸಿದರು. ಅದು ಅಲ್ಯೂಮಿನಿಯಂ. ಪಿಸ್ಟನ್ನಿನ ಮೈಯಿಂದ ಎದ್ದು ಬಂದದ್ದು. ಸಣ್ಣ ಕ್ಯಾಮೆರಾವನ್ನು ರಂಧ್ರದೊಳಗೆ ಇಳಿಸಿ ನೋಡಿದರು. ಪಿಸ್ಟನ್ನಿನ ಅಂಚು ತುಸು ಒರಟಾಗಿತ್ತು, ಒಡೆದಿರಲಿಲ್ಲ. "ಇನ್ನೊಂದೆರಡು ಏರು ಹೀಗೇ ಹತ್ತಿದ್ದರೆ ಇಂಜಿನ್ ಬಿಚ್ಚಬೇಕಿತ್ತು" ಎಂದರು.

ನಾನು ಬೈಯಲಿಲ್ಲ. ಕಳಸದ ಆ ಬೆಳೆಗಾರರ ನೆನಪಾಯಿತು. ಆದರೆ ಎರಡು ಮಾತು ಹೇಳಿದೆ. ಒಂದು, ಕಾನೂನು. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ವಾಹನವನ್ನು ಬದಲಾಯಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಬದಲಾಯಿಸಿದ ಕಾರಿಗೆ ವಿಮೆಯ ಹಣ ಕೇಳಲು ಹೋದಾಗಲೂ ತಕರಾರು ಬರಬಹುದು. ಇನ್ನೊಂದು, ಗೆಳೆಯನ ಅಂಕಿ ಗೆಳೆಯನ ಇಂಜಿನ್ನಿಗೆ. ಅವನ ಊರಿನ ಗಾಳಿ ಬೇರೆ, ಹಾಕಿದ ಪೆಟ್ರೋಲು ಬೇರೆ. ಇನ್ನೊಬ್ಬರ ಖಾತೆಯ ಬಾಕಿಯನ್ನು ನಮ್ಮ ಪಾಸ್‌ಬುಕ್ಕಿನಲ್ಲಿ ಬರೆದುಕೊಂಡರೆ ಹಣ ಬರುತ್ತದೆಯೇ? ತಿಳಿದವರು ಕಾರನ್ನು ಉರುಳೆಗಳ ಯಂತ್ರದ ಮೇಲೆ ನಿಲ್ಲಿಸಿ, ಅಳತೆಯ ಉಪಕರಣ ಜೋಡಿಸಿ, ಕಿಡಿಯನ್ನು ಒಂದೊಂದೇ ಡಿಗ್ರಿ ಸರಿಸಿ ನೋಡುತ್ತಾರೆ. ರ್‍ಯಾಲಿಯ ಇಂಜಿನಿಯರುಗಳ ಕೆಲಸ ಅದು. ಅಜ್ಜಿಯನ್ನೂ ತಂಗಿಯನ್ನೂ ಕೂರಿಸಿಕೊಂಡು ಘಾಟಿಯಲ್ಲಿ ಪರೀಕ್ಷೆ ಮಾಡುವುದಲ್ಲ.

ಅವನು ಮಾತಾಡದೆ, ಮೊದಲೇ ತೆಗೆದಿಟ್ಟಿದ್ದ ಕಂಪನಿಯ ಕೋಷ್ಟಕವನ್ನು ಕಾರಿಗೆ ಮರಳಿ ಹಾಕಿದ. ಮೂಲ ಪ್ರತಿ ಜೋಪಾನವಾಗಿ ಇಟ್ಟಿದ್ದ ಎಂಬುದೊಂದು ನನಗೆ ಸಮಾಧಾನ.

ಪಟಾಕಿಯ ಉತ್ತರ

ಆಮೇಲೆ ನಾನೇ ಕೇಳಿದೆ: "ಆವತ್ತು ತೋಟದಲ್ಲಿ ಪಟಾಕಿ ಹೊಡೆದದ್ದು ಯಾಕೆ ಅಂತ ಗೊತ್ತಾಯ್ತೇನೋ?"

ಅವನ ಮುಖ ಅರಳಿತು. ಗೊತ್ತಾಗಿತ್ತು. ಕಾಲು ತೆಗೆದರೆ ಹೊಗೆ ಕಡಿಮೆಯಾಗಿ ಟರ್ಬೊ ಚಕ್ರ ನಿಧಾನವಾಗುತ್ತದೆ. ತಿರುವು ದಾಟಿ ಮತ್ತೆ ಒತ್ತಿದಾಗ ಊದುಗೊಳವೆಗೆ ದಮ್ಮು ಕಟ್ಟಲು ಹೊತ್ತು ಹಿಡಿಯುತ್ತದೆ. ಓಟದಲ್ಲಿ ಅಷ್ಟು ಕಾಯುವವರು ಯಾರು? ಅದಕ್ಕೆ ರ್‍ಯಾಲಿ ಕಾರುಗಳ ಕೋಷ್ಟಕದಲ್ಲಿ, ಕಾಲು ತೆಗೆದಾಗ ಬೇಕೆಂದೇ ಕಿಡಿಯನ್ನು ಬಹಳ ತಡಮಾಡಿ ಕೊಡುತ್ತಾರೆ. ಜೊತೆಗೆ ಗಾಳಿ, ಪೆಟ್ರೋಲನ್ನೂ ಬಿಡುತ್ತಾರೆ. ಅದು ಸಿಲಿಂಡರಿನಲ್ಲಿ ಉರಿದು ಮುಗಿಯದೆ ಹೊರಗಿನ ಕೊಳವೆಯಲ್ಲಿ ಸಿಡಿಯುತ್ತದೆ. ಆ ಸಿಡಿತವೇ ಚಕ್ರವನ್ನು ತಿರುಗಿಸುತ್ತಿರುತ್ತದೆ. ನಾವು ಕೇಳಿದ್ದು ಅದನ್ನೇ.

"ಅಂದರೆ ಅಲ್ಲಿ ತಡ, ನಿನ್ನಲ್ಲಿ ಅವಸರ" ಅಂದೆ. ಎಲ್ಲರೂ ನಕ್ಕರು.

ಈಗ ಅವನು ಕಾಲೇಜಿನ ಪ್ರಯೋಗಶಾಲೆಯ ಇಂಜಿನ್ ಮೇಲೆ, ಮೇಷ್ಟ್ರ ಎದುರಿಗೇ ಈ ಕೆಲಸ ಕಲಿಯುತ್ತಿದ್ದಾನೆ. ಭಾನುವಾರ ಸಂಜೆ ಫೋನು ಮಾಡುತ್ತಾನೆ. ಆಚೆಯಿಂದ ಅವನು ಕಾಗದ ನೋಡಿ ಒಂದೊಂದೇ ಅಂಕಿ ಓದುತ್ತಾನೆ. ಈಚೆಯಿಂದ ಮೊಮ್ಮಗಳು ಅವನು ಟೈಪು ಮಾಡಿ ಕಳಿಸಿದ ಪಟ್ಟಿಗೆ ಕೆಂಪು ಪೆನ್ನಿನಲ್ಲಿ ಟಿಕ್ ಹಾಕುತ್ತಾಳೆ. ನಮ್ಮ ಬ್ಯಾಂಕಿನಲ್ಲೂ ಹೀಗೇ ಮಾಡುತ್ತಿದ್ದೆವು. ಒಬ್ಬರು ಕರೆಯಬೇಕು, ಒಬ್ಬರು ತಾಳೆ ನೋಡಬೇಕು. ಎರಡು ಸಲ ತಪ್ಪು ಹಿಡಿದಿದ್ದಾಳೆ. ತಪ್ಪಿಗೆ ಹತ್ತು ರೂಪಾಯಿಯಂತೆ ಅಣ್ಣನಿಂದ ವಸೂಲಿಯೂ ಮಾಡಿದ್ದಾಳೆ.

ಕಾರ್ತಿಕ ಮುಗಿಯುವುದರೊಳಗೆ ಕಳಸಕ್ಕೂ ಹೋಗಿಬಂದೆವು. ಅದೇ ಕಾರು, ಅದೇ ಏರು, ಅದೇ ಅಕ್ಕಿಮೂಟೆ. ಬಾಳೆಗೊನೆ ಮಾತ್ರ ಬೇರೆ. ಮೊದಲಿನದು ಅಷ್ಟರಲ್ಲಿ ಮನೆಯಲ್ಲೇ ಹಣ್ಣಾಗಿ ಖರ್ಚಾಗಿತ್ತು. ಏರಿನಲ್ಲಿ ಯಾರೂ ಹಾಡು ಹಾಕಲಿಲ್ಲ. ನಾಲ್ವರೂ ಕಿವಿಗೊಟ್ಟು ಕೂತಿದ್ದೆವು. ಏನೂ ಕೇಳಿಸಲಿಲ್ಲ.